ಬೀರೂನ ಪಾಲು

ಉಮದಿ ದಾಟಿ ಎರಡು ಮೈಲು, ಜತ್ತದ ದಾರಿಗೆ.
ಹೊರಗೆ ಮರಾಠಿಯಲ್ಲಿ ಬರೆದ ಬೋರ್ಡು,
ಒಳಗೆ ಕನ್ನಡದಲ್ಲಿ ಅಳುವ ಹದಿನೆಂಟು ಮಕ್ಕಳು.
ನಾನು ಅವರ ಬಾಯಿ.

ಭೌರಾಳ ಅವ್ವ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ
ಮಣೂಕ ಆರಿಸುತ್ತಾಳೆ.
ಕಸಕ್ಕೆ ಬಿದ್ದದ್ದು, ಕಡ್ಡಿ ಬಿಡದ್ದು, ಕಪ್ಪಾದದ್ದು
ಮಗಳ ಫ್ರಾಕಿನ ಜೇಬಿನಲ್ಲಿ ಶಾಲೆಗೆ ಬರುತ್ತವೆ,
ದಾರದ ಎಳೆ ಅಂಟಿಸಿಕೊಂಡು.

ಒಬ್ಬರಿಗೆ ಎರಡು.
ನಿನ್ನೆ ಜಡೆ ಎಳೆದ ಮಲಕಾರಿಗೂ ಎರಡು,
ಕೈಗೆ ಕೊಡುವುದಿಲ್ಲ ಅಷ್ಟೆ, ಮುಂದೆ ನೆಲಕ್ಕಿಡುತ್ತಾಳೆ.
ಸಿಟ್ಟು ಬೇರೆ, ಪಾಲು ಬೇರೆ.
ತೈಸೀನಳಿಗೆ ಮೂರು.

"ಅಕಿಗ್ಯಾಕ ಮೂರು?" ಎದ್ದೇಬಿಟ್ಟಿತು ಸಭೆ.
"ಅಕೀದು ಒಂದು ಕೆಳಗ ಬಿತ್ತಲ್ಲ."
"ಬಿದ್ದದ್ದನ್ನ ಅಕೀನ ಎತ್ತಿ ತಿಂದ್ಳಲ್ಲ!"
ಭೌರಾ ಮೂಗೊರೆಸಿಕೊಂಡು ವಿಚಾರ ಮಾಡಿದಳು.
"ಖರೇ. ಆದ್ರ ಅಳ್ತಿದ್ಳು."
ಇದಕ್ಕೆ ಯಾರಲ್ಲೂ ಉತ್ತರ ಇರಲಿಲ್ಲ.
ಒಬ್ಬ ಮಾತ್ರ ತಾನೂ ಅತ್ತು ನೋಡಿದ,
ಬರಲಿಲ್ಲ.

ಕೊನೆಗೆ ಎರಡು, ಕಿಟಕಿಯ ಕಟ್ಟೆಗೆ.
"ಇವು ಬೀರೂಂದು."

ಬೀರೂ ದಸರೆಗೇ ಹೋದವನು,
ಕಬ್ಬು ಕಡಿಯುವ ಟೋಳಿಯ ಟ್ರ್ಯಾಕ್ಟರಿನಲ್ಲಿ
ಹಾಸಿಗೆ ಗಂಟಿನ ಮೇಲೆ ಕೂತು,
ಮಡಿಲಲ್ಲೊಂದು ಕೋಳಿ ಹಿಡಿದುಕೊಂಡು.
ಕೊಲ್ಹಾಪುರದ ಈಚೆಗೋ ಆಚೆಗೋ ಇದ್ದಾನೆ.
ಯುಗಾದಿಗೆ ಬಂದರೆ ಬಂದ.

ಮಧ್ಯಾಹ್ನದೊಳಗೆ ಇರುವೆ ಸಾಲು.
ಮರುದಿನ ಮತ್ತೆ ಎರಡು.
"ಇರಿವಿ ತಿಂತಾವಲ್ಲ ಭೌರಾ," ಅಂದೆ.
"ಅವಕ್ಕ ಗೊತ್ತಿಲ್ಲ ಬಾಯೀ,
ಬೀರೂಂದು ಅಂತ."

ಗುರುವಾರ ತಿಂದದ್ದು ಇರುವೆಯಲ್ಲ, ಮಲಕಾರಿ.
ಅವನಿಗೆ ಗೊತ್ತಿತ್ತು.
ಚಾಪೆಯ ಮೇಲೆ ನ್ಯಾಯ ಕೂತಿತು.
"ಬಾಯಿ ಹೊಡೀಲಿ ಅವಂಗ."
"ಹೊಡದ್ರ ಬೀರೂಗ ಮಣೂಕ ಬರತಾವೇನು?"
"ಹಂಗಾರ ತಂದಿಡ್ಲಿ."
"ನಮ್ಮನ್ಯಾಗ ಇಲ್ಲ…"
ಮಲಕಾರಿಯ ದನಿ ಅಂಗಿಯೊಳಗೆ ಹೋಯಿತು.

ಶುಕ್ರವಾರ ಆ ಅಂಗಿಗೆ ಮೇಲಿನ ಗುಂಡಿ ಇರಲಿಲ್ಲ.
ಕಟ್ಟೆಯ ಮೇಲಿತ್ತು: ನೀಲಿ, ನಾಲ್ಕು ತೂತಿನದು.
ಒಂದು ಗುಂಡಿಗೆ ಎರಡು ಮಣೂಕ ಸಮವೇ?
ತಿನ್ನಲು ಬರುವುದಿಲ್ಲ, ಅಂದರು.
ಆದರೆ ಮುಗಿಯುವುದೂ ಇಲ್ಲ, ಅಂದರು.
ಚಳಿ ಇನ್ನೂ ಶಿವಶಿವಾ ಅಂದಿರಲಿಲ್ಲ.
ತೈಸೀನ್ ಎದ್ದು ಹೋಗಿ
ಅವನ ಅಂಗಿಯ ಬಾಯನ್ನು ಎರಡೂ ಕೈಯಿಂದ ಮುಚ್ಚಿ ಹಿಡಿದು ನಿಂತಳು.
ಅಲ್ಲಿಗೆ ಖಟ್ಲೆ ಬರಖಾಸ್ತು.

ನಾನು ಹಾಜರಿ ಪುಸ್ತಕ ತೆಗೆದೆ.

ಅದರಲ್ಲಿ ಬೀರೂ ಒಂದು ದಿನವೂ ತಪ್ಪಿಸಿಲ್ಲ.
ದಸರೆಯಿಂದ ದಿನಾಲೂ ಬಂದಿದ್ದಾನೆ,
ಮಡಿಕೆಕಾಳಿನ ಉಸಳಿ ತಿಂದಿದ್ದಾನೆ,
ತೂಕದಲ್ಲೂ ಮುನ್ನೂರು ಗ್ರಾಂ ಏರಿದ್ದಾನೆ,
ನನ್ನ ದುಂಡು ಅಕ್ಷರದಲ್ಲಿ.
ಅವನ ಹೆಸರಿನ ಬೇಳೆ ನನ್ನ ಡಬ್ಬಿಯಲ್ಲಿ
ನನ್ನ ಮನೆಗೆ ನಡೆದು ಬರುತ್ತದೆ.
ಮೂರು ತಿಂಗಳಿಂದ ನನಗೆ ಪಗಾರ ಆಗಿಲ್ಲ.
ಖರೇ. ಆದರೆ ನಾನು ಅಳುತ್ತಲೂ ಇರಲಿಲ್ಲ.

ಹೆಗಲ ಮೇಲೆ ಮಣೂಕದ ಉಸಿರು.
"ಯಾರ ಹೆಸರು ಬಾಯೀ ಇದು?"
ಓದಲು ಬಾರದವಳು,
ಯಾರದೆಂದರೂ ನಂಬುತ್ತಿದ್ದಳು.
"ಬೀರೂಂದು," ಅಂದುಬಿಟ್ಟೆ.
ಅವಳ ಮುಖ ಇಷ್ಟಗಲವಾಯಿತು.
"ನೀವೂ ಅವಂದು ತಗದಿಡ್ತೀರೇನು!"
ಓಡಿದಳು, ಎಲ್ಲರಿಗೂ ಹೇಳಲು.

ಸಂಜೆ ಬಾಗಿಲೆಳೆದುಕೊಳ್ಳುವಾಗ ನೋಡಿದೆ:
ಇರುವೆಗಳು ಗುಂಡಿಯನ್ನೊಮ್ಮೆ ಸುತ್ತಿ
ಮುಟ್ಟದೆ ಹೋಗುತ್ತಿದ್ದವು.
ದಸರೆಯಿಂದ ಇಲ್ಲಿಗೆ
ಎಷ್ಟು ಗುಂಡಿ ಆಗುತ್ತವೆಂದು ಎಣಿಸುತ್ತ,
ಮತ್ತೆ ಮತ್ತೆ ಲೆಕ್ಕ ತಪ್ಪುತ್ತ,
ಕೀಲಿ ಒಂದು ಕೈಯಲ್ಲಿ, ಡಬ್ಬಿ ಒಂದು ಕೈಯಲ್ಲಿ
ನಿಂತೇ ಇದ್ದೆ.